ಒಂದೇ ನೀರು ಕುಡಿದ ಐದು ಜನರಲ್ಲಿ ಮಗನಿಗೆ ಮಾತ್ರ ಟೈಫಾಯಿಡ್ ಯಾಕೆ?

ಪ್ರಶ್ನೆ: ನಾವು ಬೆಂಗಳೂರಿನ ನಾಗರಬಾವಿಯಲ್ಲಿದ್ದೇವೆ. ಮನೆಯಲ್ಲಿ ಐದು ಜನ. ನಾನು, ಯಜಮಾನರು, ಅತ್ತೆ, 19 ವರ್ಷದ ಮಗ, ಪಿಯುಸಿ ಓದುವ ಮಗಳು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಾಲದಿದ್ದಾಗ ಟ್ಯಾಂಕರ್ ಹಾಕಿಸುತ್ತೇವೆ. ಎರಡೂ ಹೋಗುವುದು ಒಂದೇ ಸಂಪಿಗೆ. ಕುಡಿಯಲು ಫಿಲ್ಟರ್ ನೀರು. ಎರಡು ವರ್ಷದ ಹಿಂದೆ ಮಗನಿಗೆ ಟೈಫಾಯಿಡ್ ಆಗಿ ಆಸ್ಪತ್ರೆಯಲ್ಲಿದ್ದ. ಆಗ ಬ್ಲಡ್ ಕಲ್ಚರ್‌ನಲ್ಲೇ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಸಿಕ್ಕಿತ್ತು. ಅಲ್ಲಿಂದೀಚೆಗೆ ಯಾವ ಜ್ವರ ಬಂದರೂ ಹತ್ತಿರದ ಕ್ಲಿನಿಕ್ಕಿನಲ್ಲಿ ವಿಡಾಲ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಪ್ರತಿ ಸಲ ಪಾಸಿಟಿವ್. ಐದು ದಿನ ಇಂಜೆಕ್ಷನ್ ಕೊಡುತ್ತಾರೆ. ಮೊದಲ ಇಂಜೆಕ್ಷನ್‌ಗೇ ಜ್ವರ ಬಿಡುತ್ತದೆ. ಕಳೆದ ತಿಂಗಳೂ ನೆಗಡಿ ಜೊತೆ ಎರಡು ದಿನ ಜ್ವರ ಬಂತು. ವಿಡಾಲ್‌ನಲ್ಲಿ 'ಓ' 1:160, 'ಎಚ್' 1:320 ಎಂದಿತ್ತು. 'ಟೈಫಾಯಿಡ್ ರಕ್ತದಲ್ಲೇ ಉಳಿದುಬಿಟ್ಟಿದೆ' ಅಂತಾರೆ. ಹಾಸ್ಟೆಲ್ ಬಿಡಿಸಿ ಮನೆಗೆ ಕರೆಸಿಕೊಂಡಿದ್ದೇವೆ. ಗ್ಯಾಸ್ ಮಾತ್ರೆ ದಿನಾ ತಗೊಳ್ತಾನೆ. ಎಲ್ಲರೂ ಒಂದೇ ಅಡುಗೆ ಊಟ ಮಾಡುತ್ತೇವೆ, ಇವನಿಗೆ ಮಾತ್ರ ಯಾಕೆ? ರಕ್ತ ಕೆಟ್ಟಿದೆಯಾ? ಉಷ್ಣ ಅಂತ ಅತ್ತೆ ಪಪ್ಪಾಯಿ, ಮೊಟ್ಟೆ ಎಲ್ಲ ಬಿಡಿಸಿದ್ದಾರೆ. ಅವರಿಗೂ ಪಿತ್ತಕೋಶದಲ್ಲಿ ಕಲ್ಲಿದೆ, ಜ್ವರ ಬಂದರೆ ತಡೆಯಲಾರರು. ನಾವೆಲ್ಲ ಮುಂಜಾಗ್ರತೆಗೆ ಒಂದು ಕೋರ್ಸ್ ಆಂಟಿಬಯಾಟಿಕ್ ತಗೊಳ್ಳೋದು ಒಳ್ಳೇದಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಭಯ ಒಂದೇ. ಮಗನ ಮೈಯಲ್ಲಿ ಒಂದು ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ, ಆಗಾಗ ಎದ್ದು ಕಾಡುತ್ತಿದೆ ಎಂಬ ಭಯ. ನೀವು ಬರೆದಿದ್ದನ್ನು ನೋಡಿದರೆ ಆತನಿಗೆ ನಿಜವಾಗಿ ಟೈಫಾಯಿಡ್ ಆಗಿದ್ದು ಒಂದೇ ಸಲ, ಎರಡು ವರ್ಷದ ಹಿಂದೆ. ಆಮೇಲಿನವು ಟೈಫಾಯಿಡ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಹಾಗೆ ಹೇಳಲು ನೀವೇ ಬರೆದ ಒಂದು ಸಾಲು ಸಾಕು: 'ಮೊದಲ ಇಂಜೆಕ್ಷನ್‌ಗೇ ಜ್ವರ ಬಿಡುತ್ತದೆ.' ನಿಜವಾದ ಟೈಫಾಯಿಡ್ ಹಾಗೆ ಬಿಡುವುದಿಲ್ಲ. ಸರಿಯಾದ ಔಷಧಿ ಕೊಟ್ಟರೂ ಜ್ವರ ಪೂರ್ತಿ ಇಳಿಯಲು ನಾಲ್ಕೈದು ದಿನ, ಕೆಲವರಿಗೆ ವಾರವೇ ಬೇಕು. ಆಸ್ಪತ್ರೆಯಲ್ಲಿದ್ದಾಗ ಹಾಗೇ ಆಗಿತ್ತು, ಅಲ್ವಾ? ಒಂದೇ ದಿನಕ್ಕೆ ಬಿಟ್ಟ ಜ್ವರ ಇಂಜೆಕ್ಷನ್ ಇಲ್ಲದಿದ್ದರೂ ಬಿಡುತ್ತಿತ್ತು. ನೆಗಡಿ ಜೊತೆ ಬಂದಿದ್ದಂತೂ ವೈರಸ್ ಜ್ವರವೇ ಇರಬೇಕು. ವೈರಸ್ ಮೇಲೆ ಆ ಇಂಜೆಕ್ಷನ್ ಏನೂ ಮಾಡುವುದಿಲ್ಲ.

ಹಾಗಾದರೆ ವಿಡಾಲ್ ಪಾಸಿಟಿವ್ ಯಾಕೆ ಬರುತ್ತದೆ? ಇದು 1896ರ ಪರೀಕ್ಷೆ. ಫ್ರಾನ್ಸಿನ ವೈದ್ಯ ಜಾರ್ಜ್ ಫರ್ನಾಂಡ್ ವಿಡಾಲ್ ಅವರ ಹೆಸರೇ ಅದಕ್ಕಿದೆ. ಈ ಪರೀಕ್ಷೆ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ. ಬ್ಯಾಕ್ಟೀರಿಯಾ ಎದುರಿಸಲು ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. 1:160 ಅಂದರೆ ರಕ್ತದ ಸೀರಮ್ಮನ್ನು 160 ಪಟ್ಟು ತೆಳು ಮಾಡಿದರೂ ಅದು ಪರೀಕ್ಷೆಯ ಬ್ಯಾಕ್ಟೀರಿಯಾಗಳನ್ನು ಒಟ್ಟುಗೂಡಿಸಿ ಗಂಟು ಕಟ್ಟಿಸಿತು ಎಂದಷ್ಟೇ ಅರ್ಥ. 160 ಬ್ಯಾಕ್ಟೀರಿಯಾ ಇವೆ ಎಂದಲ್ಲ. ಈ ಪ್ರತಿಕಾಯಗಳಲ್ಲಿ 'ಓ', 'ಎಚ್' ಎಂದು ಎರಡು ಬಗೆ. ಟೈಫಾಯಿಡ್ ಆಗಿ ಹೋದವರಲ್ಲಿ 'ಓ' ಪ್ರತಿಕಾಯ ತಿಂಗಳುಗಟ್ಟಲೆ, 'ಎಚ್' ವರ್ಷಗಟ್ಟಲೆ ಉಳಿಯುತ್ತದೆ. ಡೆಂಗಿ, ಮಲೇರಿಯಾ ಬಂದಾಗಲೂ ಈ ಹಳೆಯ ಪ್ರತಿಕಾಯಗಳು ಸುಮ್ನೆ ಏರಬಹುದು. ಹಿಂದೊಮ್ಮೆ ಕಳ್ಳತನವಾದಾಗ ಠಾಣೆಯಲ್ಲಿ ಬರೆಸಿದ ಎಫ್‌ಐಆರ್ ಇನ್ನೂ ಅಲ್ಲೇ ಇರುತ್ತದೆ. ಅದನ್ನು ನೋಡಿ 'ಕಳ್ಳ ಈಗ ಮನೆಯೊಳಗಿದ್ದಾನೆ' ಎನ್ನಲಾಗದು. ನಮ್ಮ ಊರಲ್ಲಿ ಆರೋಗ್ಯವಾಗಿ ಓಡಾಡುವ ಎಷ್ಟೋ ಜನರ ವಿಡಾಲ್ ಈಗಲೇ ಮಾಡಿದರೂ ಸ್ವಲ್ಪ ಪಾಸಿಟಿವ್ ಬರುತ್ತದೆ. ಒಂದು ಸಲದ ವಿಡಾಲ್ ನೋಡಿ ಚಿಕಿತ್ಸೆ ಕೊಡುವುದು ಇಷ್ಟು ವರ್ಷವಾದರೂ ನಿಂತಿಲ್ಲವಲ್ಲ ಎಂಬುದು ನನಗೆ ಬೇಸರದ ವಿಷಯ. ಬೇಗ ರಿಪೋರ್ಟ್ ಬರುತ್ತದೆ, ಖರ್ಚು ಕಡಿಮೆ, 'ಏನೋ ಸಿಕ್ಕಿತು' ಎಂಬ ಸಮಾಧಾನ ರೋಗಿಗೂ ವೈದ್ಯರಿಗೂ ಸಿಗುತ್ತದೆ. ಅದಕ್ಕೇ ಉಳಿದುಕೊಂಡಿದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಒಂದೇ ಮನೆ, ಒಂದೇ ನೀರು, ಒಬ್ಬನಿಗೇ ಯಾಕೆ? ಇದಕ್ಕೆ ಬ್ಯಾಕ್ಟೀರಿಯಾ ನಮಗೆ ಕಾಯಿಲೆ ತರುವುದು ಹೇಗೆ ಎಂದು ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲಿಗೆ, ಬ್ಯಾಕ್ಟೀರಿಯಾ ಮೈಯೊಳಗೆ ಹೋದರೆ ಕಾಯಿಲೆ ಬಂತು ಎಂದೇ ಲೆಕ್ಕವಲ್ಲ. ನಮ್ಮ ದೇಹದಲ್ಲಿ ಎಷ್ಟು ಜೀವಕೋಶಗಳಿವೆಯೋ ಹೆಚ್ಚುಕಡಿಮೆ ಅಷ್ಟೇ ಬ್ಯಾಕ್ಟೀರಿಯಾಗಳೂ ಇವೆ, ಬಹುಪಾಲು ದೊಡ್ಡ ಕರುಳಿನಲ್ಲಿ. ಅವು ನಮಗೆ ಬೇಕು. ಕಾಯಿಲೆ ತರುವಂಥವು ಸಿಕ್ಕಿದಾಗಲೂ ಎಲ್ಲರೂ ಮಲಗುವುದಿಲ್ಲ. ಜಗತ್ತಿನ ಸುಮಾರು ನಾಲ್ಕನೇ ಒಂದು ಭಾಗ ಜನರಿಗೆ ಕ್ಷಯದ ಸೋಂಕು ತಗುಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡುತ್ತದೆ. ಅವರಲ್ಲಿ ಜೀವಮಾನದಲ್ಲಿ ಕ್ಷಯರೋಗಿಗಳಾಗುವವರು ನೂರಕ್ಕೆ ಐದರಿಂದ ಹತ್ತು ಜನ. ಉಳಿದವರಿಗೆ ಸೋಂಕಿದೆ, ಕಾಯಿಲೆ ಇಲ್ಲ.

ಇದನ್ನು 1892ರಲ್ಲಿ ಮ್ಯೂನಿಕ್‌ನ ಹಿರಿಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟನ್‌ಕೋಫರ್ ತನ್ನ ಮೇಲೇ ಪ್ರಯೋಗಿಸಿ ನೋಡಿದರು. ಕಾಲರಾಕ್ಕೆ ಬ್ಯಾಕ್ಟೀರಿಯಾ ಒಂದೇ ಕಾರಣ ಎಂಬ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಮಾತು ಅವರಿಗೆ ಒಪ್ಪಿಗೆಯಿರಲಿಲ್ಲ. ಹೊಟ್ಟೆಯ ಆಸಿಡ್ ಅಡ್ಡಿಯಾಯಿತು ಎಂದು ಯಾರೂ ಹೇಳಬಾರದೆಂದು ಸೋಡಾ ಬೆರೆಸಿಕೊಂಡು ಕಾಲರಾ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನೇ ಕುಡಿದರು. ಆಗಿದ್ದು ಸಣ್ಣ ಭೇದಿ ಅಷ್ಟೇ. ಅವರ ವಾದ ತಪ್ಪಾಗಿತ್ತು, ಕಾಲರಾ ಬರಲು ಆ ಬ್ಯಾಕ್ಟೀರಿಯಾ ಬೇಕೇ ಬೇಕು. ಆದರೆ ಅದೊಂದೇ ಸಾಲದು ಎಂಬುದಕ್ಕೆ ಅವರ ಹೊಟ್ಟೆಯೇ ಸಾಕ್ಷಿಯಾಯಿತು. (ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ!)

ಬ್ಯಾಕ್ಟೀರಿಯಾ ಕಾಯಿಲೆ ತರುವ ದಾರಿಯೂ ಒಂದೊಂದಕ್ಕೆ ಒಂದೊಂದು. ಕೆಲವು ವಿಷ ತಯಾರಿಸುತ್ತವೆ. ಕಾಲರಾ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಒಳಗೆ ನುಗ್ಗುವುದಿಲ್ಲ. ಅದು ಬಿಡುವ ವಿಷಕ್ಕೆ ಕರುಳು ಲೀಟರ್‌ಗಟ್ಟಲೆ ನೀರು ಸುರಿಸುತ್ತದೆ. ಈ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತದ ಶಂಭುನಾಥ ಡೇ. ಇನ್ನು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷ ನಾವು ತಿನ್ನುವ ಮೊದಲೇ ತಿಂಡಿಯಲ್ಲಿ ತಯಾರಾಗಿರುತ್ತದೆ. ಮತ್ತೆ ಕುದಿಸಿದರೂ ಹೋಗುವುದಿಲ್ಲ. ಮದುವೆ ಊಟ ಮಾಡಿ ಕೆಲವೇ ಗಂಟೆಗಳಲ್ಲಿ ಒಂದೇ ಪಂಕ್ತಿಯವರೆಲ್ಲ ವಾಂತಿ ಮಾಡಿಕೊಂಡರೆ ನಮಗೆ ಮೊದಲು ಅನುಮಾನ ಬರುವುದು ಇಂಥ ವಿಷದ ಮೇಲೆ.

ಟೈಫಾಯಿಡ್ ತರುವ ಸಾಲ್ಮೊನೆಲ್ಲ ಟೈಫಿಯ ದಾರಿಯೇ ಬೇರೆ. ಇದು ಮನುಷ್ಯರಲ್ಲಿ ಮಾತ್ರ ಬದುಕುವ ಬ್ಯಾಕ್ಟೀರಿಯಾ. ಹಸು, ಕೋಳಿ, ನಾಯಿಯಿಂದ ಬರುವುದಿಲ್ಲ. ಅಂದರೆ ನಿಮ್ಮ ಮಗನ ಹೊಟ್ಟೆಗೆ ಬಂದದ್ದು ಇನ್ನೊಬ್ಬ ಮನುಷ್ಯನ ಮಲದಿಂದ, ನೀರು ಅಥವಾ ಕೈ ಮೂಲಕ. ಕೇಳಲು ಹೇಸಿಗೆ, ಆದರೆ ವಿಷಯ ಅದೇ. ಅದು ಹೊಟ್ಟೆಯ ಆಸಿಡ್ ದಾಟಿ ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಬರುತ್ತದೆ. ಅಲ್ಲಿ ಸೂಜಿಯಂಥ ಒಂದು ಅಂಗದಿಂದ ಕರುಳಿನ ಕೋಶಕ್ಕೆ ತನ್ನ ಪ್ರೋಟೀನ್ ಚುಚ್ಚುತ್ತದೆ. ಆ ಕೋಶ ತಾನಾಗಿಯೇ ಬಾಯಿ ತೆರೆದು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಅದನ್ನು ನುಂಗಿ ಜೀರ್ಣಿಸಬೇಕಾದ ಬಿಳಿ ರಕ್ತಕಣವೇ ಇದಕ್ಕೆ ವಾಹನ! ಕಣದೊಳಗಿನ ಜೀರ್ಣರಸ ತನ್ನನ್ನು ತಲುಪದಂತೆ ತಡೆದು, ಅದರೊಳಗೇ ಕೂತು ಲಿವರ್, ಗುಲ್ಮ, ಮೂಳೆ ಮಜ್ಜೆಗೆ ಹೋಗುತ್ತದೆ. ಅಲ್ಲಿ ಸದ್ದಿಲ್ಲದೆ ಹೆಚ್ಚುತ್ತದೆ. ಮೇಲೆ 'ವಿಐ' ಎಂಬ ಸಕ್ಕರೆಯ ಹೊದಿಕೆ ಬೇರೆ. ಅದರಿಂದ ರೋಗನಿರೋಧಕ ವ್ಯವಸ್ಥೆಗೆ ಸುಲಭವಾಗಿ ಗುರುತು ಸಿಗುವುದಿಲ್ಲ.

ಇದಕ್ಕೆಲ್ಲ ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ. ಆದ್ದರಿಂದ 'ನಿನ್ನೆ ಪಾನಿಪುರಿ ತಿಂದ, ಇವತ್ತು ಟೈಫಾಯಿಡ್ ಬಂತು' ಎನ್ನುವುದು ತಪ್ಪು. ಪಾನಿಪುರಿಯೇ ಕಾರಣವಿದ್ದರೂ ಅದು ನಿನ್ನೆಯದಲ್ಲ. ಆಮೇಲೆ ಅವು ಮತ್ತೆ ರಕ್ತಕ್ಕೆ ಬಂದಾಗ ಜ್ವರ ಶುರು. ಆ ಜ್ವರವನ್ನು ಉಂಟುಮಾಡುವುದು ದೇಹವೇ. ಬ್ಯಾಕ್ಟೀರಿಯಾದ ಹೊರಪದರ ಕಂಡು ನಮ್ಮ ರಕ್ತಕಣಗಳು ಬಿಡುವ ರಾಸಾಯನಿಕಗಳಿಂದ ಮೈ ಬಿಸಿಯಾಗುತ್ತದೆ, ತಲೆ ನೋಯುತ್ತದೆ, ಊಟ ಸೇರುವುದಿಲ್ಲ. ಇದಕ್ಕೂ ಪಪ್ಪಾಯಿಯ ಉಷ್ಣಕ್ಕೂ ಸಂಬಂಧವಿಲ್ಲ. ಅತ್ತೆಯವರಿಗೆ ನಿಧಾನವಾಗಿ ಹೇಳಿ, ಹುಡುಗನಿಗೆ ಮೊಟ್ಟೆ ಕೊಡಲಿ. ಕಾಯಿಲೆಯಿಂದ ಎದ್ದವರಿಗೆ ಬರೀ ಗಂಜಿಗಿಂತ ಪೌಷ್ಟಿಕ ಊಟವೇ ಬೇಕು.

ಮೂರನೇ ವಾರದ ಹೊತ್ತಿಗೆ ಕರುಳಿನ ಹುಣ್ಣು ಒಡೆದು ರಕ್ತಸ್ರಾವವಾಗಬಹುದು, ತೂತೇ ಬೀಳಬಹುದು. ನಾವು ಟೈಫಾಯಿಡ್‌ಗೆ ಹೆದರುವುದು ಅದಕ್ಕೆ.

ಈಗ ಒಬ್ಬನಿಗೇ ಯಾಕೆ ಎಂಬುದು ಸುಲಭವಾಗಿ ತಿಳಿಯುತ್ತದೆ. ಮೊದಲನೆಯದು ಪ್ರಮಾಣ. 1960ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಒಪ್ಪಿ ಬಂದ ಸ್ವಯಂಸೇವಕರಿಗೆ ಲೆಕ್ಕ ಹಾಕಿ ಈ ಬ್ಯಾಕ್ಟೀರಿಯಾ ಕುಡಿಸಿದ್ದರು. ಒಂದು ಲಕ್ಷ ಬ್ಯಾಕ್ಟೀರಿಯಾ ಕುಡಿದವರಲ್ಲಿ ಸುಮಾರು ಕಾಲು ಭಾಗಕ್ಕೆ ಕಾಯಿಲೆ ಬಂತು. ಒಂದು ಕೋಟಿ ಕುಡಿದವರಲ್ಲಿ ಅರ್ಧದಷ್ಟು ಜನಕ್ಕೆ. ಸಾವಿರ ಕುಡಿದವರಿಗೆ ಏನೂ ಆಗಲಿಲ್ಲ. ಕಾಯಿಲೆ ಬರುವುದು ಎಷ್ಟು ಒಳಗೆ ಹೋಯಿತು ಎಂಬುದರ ಮೇಲೆ ನಿಂತಿದೆ. ಒಂದೇ ಸಂಪಿನ ನೀರಲ್ಲೂ ಎಲ್ಲ ಲೋಟಕ್ಕೂ ಸಮನಾಗಿ ಬರುವುದಿಲ್ಲ. ಜೊತೆಗೆ ಹಾಸ್ಟೆಲ್ ಹುಡುಗ ಅಂದರೆ ಮೆಸ್ಸು, ಚಾಟ್ಸ್ ಗಾಡಿ, ಐಸ್ ಹಾಕಿದ ಜ್ಯೂಸ್. ಮನೆಯ ನೀರಿಗಿಂತ ಅವುಗಳ ಮೇಲೆಯೇ ನನಗೆ ಹೆಚ್ಚು ಅನುಮಾನ.

ಎರಡನೆಯದು ಹೊಟ್ಟೆಯ ಆಸಿಡ್. ಇತ್ತೀಚೆಗೆ ಆಕ್ಸ್‌ಫರ್ಡ್‌ನಲ್ಲಿ ಇಂಥದೇ ಪ್ರಯೋಗದಲ್ಲಿ ಮೊದಲು ಸೋಡಾ ಕುಡಿಸಿ ಆಸಿಡ್ ತಗ್ಗಿಸಿದರು. ಆಗ ಬರೀ ಹತ್ತು ಸಾವಿರ ಬ್ಯಾಕ್ಟೀರಿಯಾಗೇ ಅರ್ಧಕ್ಕಿಂತ ಹೆಚ್ಚು ಜನರಿಗೆ ಕಾಯಿಲೆ ಬಂತು. ನಿಮ್ಮ ಪತ್ರದಲ್ಲಿ ಸಣ್ಣದಾಗಿ ಬಂದು ಹೋದ ಗ್ಯಾಸ್ ಮಾತ್ರೆ ನನ್ನ ಕಣ್ಣಿಗೆ ಬಿದ್ದಿದ್ದು ಅದಕ್ಕೇ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಮಾತ್ರೆಗಳು ದಿನಪೂರ್ತಿ ಆಸಿಡ್ ತಗ್ಗಿಸುತ್ತವೆ. ಬೇಕಾದವರಿಗೆ ಒಳ್ಳೆಯ ಔಷಧಿ. ಆದರೆ 19ರ ಹುಡುಗ ದಿನಾ ನುಂಗುವುದು ಯಾಕೆ? ಯಾರು ಬರೆದುಕೊಟ್ಟರು, ಎಷ್ಟು ದಿನಕ್ಕೆ ಎಂದು ವೈದ್ಯರನ್ನು ಕೇಳಿ. ಕಾರಣ ಇಲ್ಲದಿದ್ದರೆ ನಿಲ್ಲಿಸುವುದೇ ವಾಸಿ.

ಮೂರನೆಯದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು. ಅವು ಜಾಗ, ಆಹಾರ ಎರಡನ್ನೂ ಹಿಡಿದಿಟ್ಟುಕೊಂಡು ಹೊಸದಾಗಿ ಬಂದವಕ್ಕೆ ನೆಲೆ ಸಿಗದಂತೆ ಮಾಡುತ್ತವೆ. ಇಲಿಗಳಿಗೆ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟು ಈ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಸಾಯಿಸಿದ ಮೇಲೆ ಬೆರಳೆಣಿಕೆಯ ಸಾಲ್ಮೊನೆಲ್ಲಗಳೇ ಸೋಂಕು ತರಲು ಸಾಕಾದವು. ಅಂದರೆ ಪ್ರತಿ ಜ್ವರಕ್ಕೂ ಕೊಟ್ಟ ಆ ಐದು ಇಂಜೆಕ್ಷನ್ ಮಗನನ್ನು ಕಾಪಾಡಲಿಲ್ಲ. ಮುಂದಿನ ಸೋಂಕಿಗೆ ದಾರಿ ಸುಲಭ ಮಾಡಿರಬಹುದು. ಮೇಲಾಗಿ ಲೆಕ್ಕವೂ ಸರಿಯಿಲ್ಲ. ಟೈಫಾಯಿಡ್ ಇದ್ದಿದ್ದರೆ ಆ ಇಂಜೆಕ್ಷನ್ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕಿತ್ತು. ಇಲ್ಲದಿದ್ದರೆ ಒಂದೂ ಬೇಡವಿತ್ತು. ಮನೆಮಂದಿಯೆಲ್ಲ ಮುಂಜಾಗ್ರತೆಗೆ ಕೋರ್ಸ್ ತಗೊಳ್ಳುವ ಯೋಚನೆಯನ್ನು ಇದೇ ಕಾರಣಕ್ಕೆ ಬಿಟ್ಟುಬಿಡಿ. ನಮ್ಮ ದೇಶದಲ್ಲಿ ಟೈಫಾಯಿಡ್ ಬ್ಯಾಕ್ಟೀರಿಯಾಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಈಗ ಹೆಚ್ಚಿನಂಶ ಕೆಲಸ ಮಾಡುತ್ತಿಲ್ಲ. 2016ರಲ್ಲಿ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಇಂಜೆಕ್ಷನ್‌ಗೂ ಬಗ್ಗದ ತಳಿ ಹರಡಲು ಶುರುವಾಯಿತು. ಉಳಿದಿರುವ ಔಷಧಿಗಳನ್ನು ನೆಗಡಿಗೆ ಖರ್ಚು ಮಾಡುವ ಹಾಗಿಲ್ಲ.

'ರಕ್ತ ಕೆಟ್ಟಿದೆ' ಎನ್ನಲು ನೀವು ಬರೆದದ್ದರಲ್ಲಿ ಏನೂ ಕಾಣಲಿಲ್ಲ.

'ರಕ್ತದಲ್ಲೇ ಉಳಿದಿದೆ' ಎಂಬ ಮಾತಿಗೆ ಮಾತ್ರ ಒಂದು ಸಣ್ಣ ಆಧಾರವಿದೆ, ಬೇರೆ ರೀತಿಯಲ್ಲಿ. ಟೈಫಾಯಿಡ್ ಆದವರಲ್ಲಿ ನೂರಕ್ಕೆ ಒಂದರಿಂದ ಐದು ಜನರಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಉಳಿಯುತ್ತದೆ. ಉಳಿಯುವ ಜಾಗ ಪಿತ್ತಕೋಶ, ಅದರಲ್ಲೂ ಕಲ್ಲುಗಳ ಮೇಲೆ. ಇಂಥವರಿಗೆ ಜ್ವರ ಬರುವುದಿಲ್ಲ. ಆರಾಮಾಗಿರುತ್ತಾರೆ. ಮಲದ ಮೂಲಕ ಬೇರೆಯವರಿಗೆ ಹರಡುತ್ತಾರೆ. ನ್ಯೂಯಾರ್ಕ್‌ನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯವಳು ಹೀಗೆ ಕೆಲಸ ಮಾಡಿದ ಮನೆಮನೆಗೂ ಟೈಫಾಯಿಡ್ ಹರಡಿದ್ದು 1907ರಲ್ಲಿ ಪತ್ತೆಯಾಯಿತು. ತನಗೆ ಕಾಯಿಲೆ ಇದೆ ಎಂದು ಆಕೆ ಕೊನೆವರೆಗೂ ಒಪ್ಪಲಿಲ್ಲ. ಹಾಗಾಗಿ ನಿಮ್ಮ ಮಗ ಇಂಥವನಾಗಿದ್ದರೆ ಪದೇ ಪದೇ ಜ್ವರ ಬರಬೇಕಿದ್ದದ್ದು ನಿಮಗೆ, ಅವನಿಗಲ್ಲ.

ಇಲ್ಲಿ ಅತ್ತೆಯವರ ಪಿತ್ತಕೋಶದ ಕಲ್ಲಿನ ವಿಷಯ ಬರುತ್ತದೆ. ವಯಸ್ಸಾದ ಹೆಂಗಸರು, ಕಲ್ಲು ಇರುವವರು ಇಂಥ ವಾಹಕರಾಗುವುದು ಉಳಿದವರಿಗಿಂತ ಜಾಸ್ತಿ. ಕಲ್ಲಿರುವ ಬಹುಪಾಲು ಜನ ವಾಹಕರಲ್ಲ, ಮನೆಯ ಬೇರೆ ಯಾರಿಗೂ ಕಾಯಿಲೆ ಬಂದಿಲ್ಲ, ಆದ್ದರಿಂದ ಇಲ್ಲಿ ಸಾಧ್ಯತೆ ಕಡಿಮೆಯೇ. ಆದರೂ ಅವರಿಗೆ ಹಿಂದೆ ಯಾವಾಗಲಾದರೂ ಟೈಫಾಯಿಡ್ ಆಗಿತ್ತಾ ಕೇಳಿ. ಆಗಿದ್ದರೆ, ಅಡುಗೆ ಅವರೇ ಮಾಡುತ್ತಿದ್ದರೆ, ಬೇರೆ ಬೇರೆ ದಿನ ಕೆಲವು ಸಲ ಮಲದ ಕಲ್ಚರ್ ಮಾಡಿಸಿದರೆ ಅನುಮಾನ ಬಗೆಹರಿಯುತ್ತದೆ. ಆ ಸಮಯದಲ್ಲಿ ಆಂಟಿಬಯಾಟಿಕ್ ತಗೊಂಡಿರಬಾರದು. ದಯವಿಟ್ಟು ಇದನ್ನು ಮನೆಯಲ್ಲಿ ಜಗಳಕ್ಕೆ ತಗೋಬೇಡಿ. ಕಲ್ಲಿನ ಬಗ್ಗೆ ಹೇಗೂ ವೈದ್ಯರನ್ನು ಕಾಣುತ್ತಾರಲ್ಲ, ಆಗ ಕೇಳಿದರೆ ಆಯಿತು.

ಮುಂದಿನ ಸಲ ಜ್ವರ ಬಂದರೆ ಏನು ಮಾಡಬೇಕು? ನೆಗಡಿ, ಕೆಮ್ಮು ಜೊತೆ ಬಂದ ಜ್ವರಕ್ಕೆ ಮೂರು ದಿನ ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ ಸಾಕು. ಮಳೆಗಾಲದಲ್ಲಾದರೆ ಡೆಂಗಿ ಪರೀಕ್ಷೆ ಮೊದಲು. ವಿಡಾಲ್ ನೋಡಿ ಟೈಫಾಯಿಡ್ ಅಂದುಕೊಂಡು ಡೆಂಗಿಯ ಎಚ್ಚರಿಕೆ ಲಕ್ಷಣಗಳನ್ನು ತಪ್ಪಿಸಿಕೊಂಡರೆ ಅದು ಇನ್ನೂ ಅಪಾಯ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಕಪ್ಪು ಮಲ ಅಥವಾ ರಕ್ತ, ಮಂಪರು, ಮೂತ್ರ ಕಡಿಮೆಯಾಗುವುದು, ಇವು ಕಂಡರೆ ದಿನ ಎಣಿಸದೆ ಆಸ್ಪತ್ರೆಗೆ ಹೋಗಿ.

ನೆಗಡಿ ಇಲ್ಲದೆ ಜ್ವರ ನಾಲ್ಕನೇ ದಿನಕ್ಕೂ ಏರುತ್ತಲೇ ಇದ್ದರೆ ಬ್ಲಡ್ ಕಲ್ಚರ್ ಕೇಳಿ, ಆಂಟಿಬಯಾಟಿಕ್‌ನ ಮೊದಲ ಡೋಸಿಗೂ ಮುಂಚೆ. ದೊಡ್ಡವರಿಗೆ 8ರಿಂದ 10 ಮಿಲಿ ರಕ್ತ ತೆಗೆಯುತ್ತಾರೆ. ಜಾಸ್ತಿ ಅನ್ನಿಸಬಹುದು. ಟೈಫಾಯಿಡ್‌ನಲ್ಲಿ ಒಂದು ಮಿಲಿ ರಕ್ತಕ್ಕೆ ಸರಾಸರಿ ಒಂದೇ ಬ್ಯಾಕ್ಟೀರಿಯಾ ಸಿಗುವುದು, ಕೊಂಚ ರಕ್ತದಲ್ಲಿ ಹುಡುಕಿದರೆ ತಪ್ಪಿಹೋಗುತ್ತದೆ. ಈ ಪರೀಕ್ಷೆಗೂ ಮಿತಿಯಿದೆ. ಖರ್ಚು ಜಾಸ್ತಿ, ಫಲಿತಾಂಶಕ್ಕೆ ಮೂರ್ನಾಲ್ಕು ದಿನ ಕಾಯಬೇಕು, ನಿಜವಾದ ಟೈಫಾಯಿಡ್ ಇದ್ದರೂ ಸುಮಾರು ಅರ್ಧದಷ್ಟು ಸಲ ಮಾತ್ರ ಸಿಗುತ್ತದೆ. ಅದಕ್ಕೇ ಅನುಮಾನ ಬಲವಾಗಿದ್ದರೆ ನಾವು ರಕ್ತ ತೆಗೆದುಕೊಂಡು, ವರದಿಗೆ ಕಾಯದೆ, ಅಜಿತ್ರೊಮೈಸಿನ್ ಅಥವಾ ಸೆಫಿಕ್ಸಿಮ್ ಶುರು ಮಾಡುತ್ತೇವೆ. ವರದಿ ಬಂದ ಮೇಲೆ ಔಷಧಿ ಬದಲಿಸಬೇಕಾ ನೋಡುತ್ತೇವೆ. ಶುರು ಮಾಡಿದ ಕೋರ್ಸನ್ನು ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು. ಮುಗಿಸಿದ ಎರಡು ಮೂರು ವಾರದಲ್ಲಿ ಕೆಲವರಿಗೆ ಮರುಕಳಿಸುವುದುಂಟು, ಆಗ ಮತ್ತೆ ಕಲ್ಚರ್.

ನೀರಿನ ವಿಷಯ. ಜಲಮಂಡಳಿಯ ನೀರು ಶುದ್ಧೀಕರಿಸಿ, ಕ್ಲೋರಿನ್ ಬೆರೆತೇ ಬರುತ್ತದೆ. ತೊಂದರೆ ಆಗುವುದು ದಿನ ಬಿಟ್ಟು ದಿನ ಬರುವುದರಿಂದ. ಪೈಪಿನಲ್ಲಿ ನೀರಿಲ್ಲದಾಗ ಒತ್ತಡ ಇಳಿಯುತ್ತದೆ. ಪೈಪ್ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಪಕ್ಕದ ಚರಂಡಿ ನೀರು ಒಳಗೆ ಸೇರಿಕೊಳ್ಳುತ್ತದೆ. ನೀರು ಬಂದ ತಕ್ಷಣದ ಮೊದಲ ಕೆಲವು ನಿಮಿಷದ ನೀರನ್ನು ಸಂಪಿಗೆ ಬಿಡದೆ ಗಿಡಕ್ಕೋ ಅಂಗಳಕ್ಕೋ ಬಿಡಿ. ಸಂಪು ಸ್ಯಾನಿಟರಿ ಲೈನಿನ ಪಕ್ಕದಲ್ಲಿದ್ದರೆ ಸೋರಿಕೆ ನೋಡಿಸಿ. ಆಗಾಗ ಖಾಲಿ ಮಾಡಿ ತೊಳೆಸಿ. ಟ್ಯಾಂಕರ್ ನೀರಿಗೆ ಕ್ಲೋರಿನ್ ಹಾಕಿದ್ದಾರಾ ಕೇಳಿ, ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಅಳೆಯುವ ಸಣ್ಣ ಕಿಟ್ ಸಿಗುತ್ತದೆ. ನಿಮ್ಮ ಫಿಲ್ಟರ್ ಆರ್‌ಓ ಆಗಿದ್ದರೆ ಅದರ ಟ್ಯಾಂಕಿನಲ್ಲಿ ಕ್ಲೋರಿನ್ ಇರುವುದಿಲ್ಲ, ಸರ್ವಿಸ್ ತಪ್ಪಿಸಬೇಡಿ. ಇದೆಲ್ಲ ರಗಳೆ ಅನ್ನಿಸಿದರೆ ನೀರು ಕೊತಕೊತ ಕುದಿಯುವ ತನಕ ಕಾಯಿಸಿ, ಆರಿಸಿ, ಮುಚ್ಚಿಟ್ಟು ಕುಡಿಯಿರಿ. ಟೈಫಾಯಿಡ್ ಬ್ಯಾಕ್ಟೀರಿಯಾ ಅದನ್ನು ತಡೆಯುವುದಿಲ್ಲ.

ಕೊನೆಗೆ ಲಸಿಕೆ. ನೀವು ಕೇಳಲಿಲ್ಲ, ಆದರೆ ನಾನು ಕೊಡಿಸಿ ಎನ್ನುತ್ತೇನೆ, ಮಗನಿಗೂ ಮಗಳಿಗೂ. ಒಮ್ಮೆ ಟೈಫಾಯಿಡ್ ಆದವರಿಗೆ ಮತ್ತೆ ಬರುವುದಿಲ್ಲ ಎಂದೇನಿಲ್ಲ. ಆ 'ವಿಐ' ಹೊದಿಕೆಯನ್ನೇ ಗುರುತಿಸಲು ದೇಹಕ್ಕೆ ಕಲಿಸುವ ಕಾಂಜುಗೇಟ್ (ಹೊದಿಕೆಯ ಸಕ್ಕರೆಗೆ ಪ್ರೋಟೀನ್ ಜೋಡಿಸಿದ) ಲಸಿಕೆ ಇದು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ್ದಕ್ಕೆ ನಮ್ಮಲ್ಲಿ 2013ರಲ್ಲೇ ಅನುಮತಿ ಸಿಕ್ಕಿದೆ. ಒಂದೇ ಡೋಸ್. ನೇಪಾಳ, ಬಾಂಗ್ಲಾದೇಶ, ಮಲಾವಿಗಳಲ್ಲಿ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಸುಮಾರು ನೂರಕ್ಕೆ 80ರಷ್ಟು ರಕ್ಷಣೆ ಕಂಡಿದೆ. ತೋಳು ನೋವು, ಒಂದು ದಿನ ಜ್ವರ ಬರಬಹುದು, ಆದ್ದರಿಂದ ಮಗಳಿಗೆ ಪರೀಕ್ಷೆಯ ಹಿಂದಿನ ದಿನ ಬೇಡ. ಟೈಫಾಯಿಡ್‌ನಂಥದೇ ಇನ್ನೊಂದು ಜ್ವರವಾದ ಪ್ಯಾರಾಟೈಫಾಯಿಡ್ ಅನ್ನು ಈ ಲಸಿಕೆ ತಡೆಯುವುದಿಲ್ಲ. ಹಾಗಾಗಿ ಹಾಕಿಸಿಕೊಂಡ ಮೇಲೂ ನಾಲ್ಕು ದಿನದ ಜ್ವರ ಬಂದರೆ 'ಲಸಿಕೆ ಆಗಿದೆಯಲ್ಲ' ಎಂದು ಕೂರಬೇಡಿ, ಕಲ್ಚರ್ ಮಾಡಿಸಿ.